ಎಡ ಹೆಗಲಿನ ರೈಫಲ್

ಸೂಜಿಗೆ ದಾರ ಪೋಣಿಸುವುದು ನನ್ನ ಕೈಲಿ ಆಗದೆ ರಾಚವ್ವನಿಗೆ ಕೊಟ್ಟೆ. ಅವಳು ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಹೊಸೆದು, ಸೂಜಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ ಒಂದೇ ಸಲಕ್ಕೆ ಪೋಣಿಸಿದಳು. ನಮ್ಮಿಬ್ಬರ ನಡುವೆ ಅರ್ಧ ಹೊಲಿದ ಕೌದಿ ಹರಡಿತ್ತು. ಹಳೆಯ ಸೀರೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಒಂದರ ಮೇಲೊಂದು ಕೂರಿಸಿ, ಸಾಲಾಗಿ ಹೊಲಿಗೆ ಹಾಕುವ ಕೆಲಸ. ಆ ಶನಿವಾರ ರಾಚವ್ವ ಒಂದೇ ಸಾಲನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು.

"ಆ ಬಟ್ಟಿಗೆ ಜೀವ ಇದ್ದಿದ್ರ ಇಷ್ಟೊತ್ತಿಗೆ ಎದ್ದು ಓಡಿಹೋಗ್ತಿತ್ತು ನೋಡು" ಎಂದೆ.

"ನೀ ಸುಮ್ನಿರು ಶಿವಕ್ಕ. ಗಾಡಿ ತಪ್ಪೇನೋ ಹುಡುಗಿಗೆ?"

"ಲೋಕಲ್ ತಪ್ಪಿದ್ರ ಹಿಂದ ಇನ್ನೊಂದು ಬರ್ತದ. ಬೆನ್ನಿಗೇ ಬರ್ತದ."

ಬರಬೇಕಾದವಳು ಶೀತಲ್, ರಾಚವ್ವನ ಮೊಮ್ಮಗಳು. ಮಗಳು ನಿಶಾ ಇರುವುದು ಪವಾಯಿಯಲ್ಲಿ. ಗ್ರಾಂಟ್ ರೋಡಿನ, ಸಾಲು ಕೋಣೆಗಳ ನಮ್ಮ ಚಾಳಿನಿಂದ ಪವಾಯಿಯೇನು ಪರದೇಶವಲ್ಲ. ಲೋಕಲ್ ಹತ್ತಿ, ಇಳಿದು, ರಿಕ್ಷಾ ಹಿಡಿದರೆ ಮುಟ್ಟಿಬಿಡಬಹುದು. ಆದರೂ ಶೀತಲ್ ಪುಟ್ಟ ಮಗುವಾಗಿದ್ದಾಗ ಇಳಿದುಹೋದ ನಿಶಾ ಮತ್ತೆ ಈ ಚಾಳಿನ ಮೆಟ್ಟಿಲು ಹತ್ತಿರಲಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು. ಉಂಡ್ಯಾ, ಗುಳಿಗಿ ತಗೊಂಡ್ಯಾ, ಅಲ್ಲಿ ಮಳಿ ಐತೇನು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಮಗಳು ಒಮ್ಮೆಯಾದರೂ ಮೆಟ್ಟಿಲು ಹತ್ತಿ ಬರಲಿ, ಈ ಕೋಣೆಯಲ್ಲಿ ಕೂತು ಒಂದು ರೊಟ್ಟಿ ಮುರಿಯಲಿ ಎಂಬುದನ್ನು ಬಿಟ್ಟು ರಾಚವ್ವ ಬೇರೇನನ್ನೂ ಬೇಡಿದ್ದನ್ನು ನಾನು ಕಂಡಿಲ್ಲ.

ನಡೆದದ್ದು ಇಷ್ಟೇ. ನಿಶಾ ಹುಟ್ಟಿನಿಂದ ಎಡಚಿ. ನಮ್ಮಲ್ಲಿ ಎಡಗೈಯಿಂದ ಉಣ್ಣುವಂತಿಲ್ಲ, ಕೊಡುವಂತಿಲ್ಲ, ದೇವರಿಗೆ ಹೂ ಏರಿಸುವಂತಿಲ್ಲ. ಹೆಣ್ಣು ಹುಡುಗಿ ಎಡಚಿ ಎಂದು ಗೊತ್ತಾದರೆ ನೋಡಲು ಬಂದವರು ಚಹಾದ ಬಟ್ಟಲು ಮುಟ್ಟದೆ ಎದ್ದುಹೋದದ್ದೂ ಉಂಟು. ಅದಕ್ಕೆ ರಾಚವ್ವ ಊಟದ ಹೊತ್ತಿಗೆ, ಬರೆಯುವ ಹೊತ್ತಿಗೆ ಮಗಳ ಎಡಗೈಯನ್ನು ಸೀರೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಹುಡುಗಿ ಬಲಗೈ ರೂಢಿ ಮಾಡಿಕೊಂಡಳು. ಚಾಳಿನ ಹಿರಿಯರೆಲ್ಲ, ಶಹಬ್ಬಾಸ್ ರಾಚವ್ವ, ಚಲೋ ತಿದ್ದಿದಿ ಎಂದರು. ಆಮೇಲೆ ಮೊಮ್ಮಗಳು ಹುಟ್ಟಿತು, ಅದೂ ಎಡಚಿ. ನಿಶಾ ಆಫೀಸಿಗೆ ಹೋಗುವಾಗ ಮಗುವನ್ನು ಇಲ್ಲಿ ಬಿಟ್ಟುಹೋಗುತ್ತಿದ್ದಳು. ಒಂದು ದಿನ ಹೇಳದೆ ಬೇಗ ಬಂದು ನೋಡಿದಾಗ ಮಗುವಿನ ಎಡಗೈ ಸೊಂಟಕ್ಕೆ ಕಟ್ಟಿತ್ತು, ಎದುರಿಗೆ ಅನ್ನದ ತಾಟು ಇತ್ತು. ನಿಶಾ ಕೂಗಾಡಲಿಲ್ಲ. ಗಂಟು ಬಿಚ್ಚಿದಳು, ಮಗುವನ್ನು ಎತ್ತಿಕೊಂಡು ಇಳಿದುಹೋದಳು. ಅವಸರದಲ್ಲಿ ಮಗುವಿನ ಒಂದು ಚಪ್ಪಲಿ ಗ್ಯಾಲರಿಯಲ್ಲೇ ಉಳಿಯಿತು. ಅದು ಈಗಲೂ ರಾಚವ್ವನ ದೇವರ ಮಾಡದ ಕೆಳಗೆ ಇದೆ.

ರಾಚವ್ವನಿಗೆ ಓದು ಬರಹವಿಲ್ಲ. ನಾನು ಬಳೆ ಕಾರ್ಖಾನೆಯ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಹಾಗಾಗಿ ಚಾಳಿನ ಕಾಗದಗಳೆಲ್ಲ ನನ್ನ ಪಾಲಿಗೆ. ಎಷ್ಟೋ ವರ್ಷದ ಹಿಂದೆ ಅವಳು ಒಂದು ಇನ್‌ಲ್ಯಾಂಡ್ ಕಾಗದ ತಂದು, "ನಿಶಾಗ ಬರಿ" ಅಂದಿದ್ದಳು. ಚಿರಂಜೀವಿ ಸೌಭಾಗ್ಯವತಿ ನಿಶಾಳಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು, ಇತ್ತ ಕ್ಷೇಮ ಎಂದು ಬರೆದೆ.

"ಮುಂದ?"

"ತಡಿ" ಅಂದಳು.

ಆ ತಡಿ ಇನ್ನೂ ಮುಗಿದಿರಲಿಲ್ಲ. ಪ್ರತಿ ದೀಪಾವಳಿಗೆ ಕಾಗದ ಹೊರಗೆ ಬರುತ್ತಿತ್ತು, ನಾನು ಪೆನ್ನು ಹಿಡಿದು ಕೂರುತ್ತಿದ್ದೆ, ಅವಳು ಕ್ಷೇಮದ ತನಕ ಬಂದು ನಿಲ್ಲುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಕಾಗದ ಮಡಿಕೆಯಲ್ಲಿ ಹರಿಯತೊಡಗಿತ್ತು.

ಶೀತಲ್ ಬಂದಾಗ ಚಾಳಿನ ನಳದ ಬಳಿ ಕೊಡಗಳ ಗದ್ದಲ ನಡೆದಿತ್ತು. ಹತ್ತನೇ ಇಯತ್ತೆ ಮುಗಿಸಿದ ಎತ್ತರದ ಹುಡುಗಿ, ಬೆನ್ನಿಗೆ ಬ್ಯಾಗು. ಬಾಗಿ ಇಬ್ಬರ ಕಾಲೂ ಮುಟ್ಟಿದಳು. ದಾದರಿನ ಒಂದು ರೈಫಲ್ ಕ್ಲಬ್ಬಿನಲ್ಲಿ ಮರುದಿನ ಬೆಳಿಗ್ಗೆ ಹೊಸಬರಿಗೆ ಗುರಿ ಹೊಡೆಯುವುದನ್ನು ಕಲಿಸುವವರಿದ್ದರು. ಪವಾಯಿಯಿಂದ ಅಷ್ಟು ಬೇಗ ಹೊರಡುವುದು ಕಷ್ಟ, ಅಜ್ಜಿಯ ಮನೆಯಲ್ಲೇ ಇರುತ್ತೇನೆ ಎಂದು ಅವಳೇ ಹಟ ಮಾಡಿ ಬಂದಿದ್ದಳು.

ರಾಚವ್ವ ಶೇಂಗಾ ಉಂಡಿಯ ಡಬ್ಬಿ ತೆಗೆದು ಒಂದು ಉಂಡಿ ಮುಂದೆ ಹಿಡಿದಳು. ಹುಡುಗಿಯ ಎಡಗೈ ಮುಂದೆ ಬಂತು. ನಡುವೆ ನಿಂತಿತು. ಹಿಂದೆ ಹೋಗಿ ಬಲಗೈ ಬಂತು.

"ಸಾರಿ, ಅಜ್ಜಿ."

ಡಬ್ಬಿಯ ಮುಚ್ಚಳ ಕೂರಿಸಲು ಬಹಳ ಹೊತ್ತು ಹಿಡಿಯಿತು ರಾಚವ್ವನಿಗೆ.

ಮಾತು ಬೇರೆ ಕಡೆ ತಿರುಗಲೆಂದು ನಾನೇ ಕೇಳಿದೆ, "ಎಂಥಾ ಬಂದೂಕವಾ ಅದು? ಪೊಲೀಸರದು ಇರ್ತದಲ್ಲ, ಹಂಥಾದ್ದೇನು?"

"ನಹೀ ನಹೀ. ಪಾಯಿಂಟ್ ಟೂ ಟೂ. ರಿಮ್‌ಫೈರ್." ಅವಳು ಕಿರುಬೆರಳಿನ ತುದಿ ತೋರಿಸಿದಳು. "ಇಷ್ಟೇ ಗೋಲಿ. ಅದರ ಅಂಚಿಗೆ ಪಿನ್ ಹೊಡೀತದೆ, ಫಟ್. ಜಾಸ್ತಿ ಧಕ್ಕಾ ಇಲ್ಲ. ಆದ್ರೆ ಒಂದು ಪ್ರಾಬ್ಲೆಮ್ ಇದೆ ಅಜ್ಜಿ, ಸೈಟ್ ಚೂಸ್ ಮಾಡ್ಬೇಕು. ಆಜ್ ಹೀ."

ಗುರಿ ಹಿಡಿಯಲು ರೈಫಲ್ಲಿನ ಮೇಲೆ ಕೂರಿಸುವ ಸಾಧನಕ್ಕೆ ಸೈಟ್ ಅನ್ನುತ್ತಾರಂತೆ. ಹುಡುಗಿ ಮೊಬೈಲಿನಲ್ಲಿ ಚಿತ್ರ ತೋರಿಸುತ್ತ, ಕನ್ನಡಕ್ಕೆ ತಡಕಾಡುತ್ತ ಹೇಳಿದಳು. ಮೂರು ಬಗೆ. ಒಂದು ಓಪನ್ ಸೈಟ್. ಹಿಂದೆ ಒಂದು ಕಚ್ಚು, ಮುಂದೆ ನಳಿಗೆಯ ತುದಿಯಲ್ಲಿ ಒಂದು ಕಡ್ಡಿ. ಕಚ್ಚಿನ ನಡುವೆ ಕಡ್ಡಿ ಬರಬೇಕು, ಕಡ್ಡಿಯ ಮೇಲೆ ಗುರಿ ಕೂರಬೇಕು. ಇನ್ನೊಂದು ಪೀಪ್ ಸೈಟ್, ಕಣ್ಣಿನ ಹತ್ತಿರವೇ ಒಂದು ಸಣ್ಣ ತೂತು, ಅದರೊಳಗಿಂದ ನೋಡಿದರೆ ಮುಂದಿನ ಬಳೆಯೊಳಗೆ ಕಪ್ಪು ಗುರಿ ತಾನಾಗಿ ನಡುವಿಗೆ ಬರುತ್ತದೆ. ಮೂರನೆಯದು ದುರ್ಬೀನು. ಅದು ಹೊಸಬರಿಗೆ ಬೇಡ, ಎದೆ ಬಡಿತವೂ ದೊಡ್ಡದಾಗಿ ಕಂಡು ಹೆದರಿಸುತ್ತದೆ ಎಂದು ಸರ್ ಹೇಳಿದ್ದರಂತೆ.

"ಹಂಗಾದ್ರ ಪೀಪೇ ಚಲೋ. ಸೂಜಿ ಕಣ್ಣಿದ್ಧಂಗ" ಎಂದೆ.

"ನನಗೂ ಅದೇ ಬೇಕು. ಆದ್ರೆ ಪೀಪ್ ಇರೋ ರೈಫಲ್ ಎಲ್ಲಾ ರೈಟ್ ಹ್ಯಾಂಡ್ ಇದಾವೆ. ಕೆನ್ನೆ ಇಡೋ ಕಟ್ಟಿಗೆ ರೈಟ್ ಕೆನ್ನೆಗೇ ಸೇರ್ತದೆ. ಲೆಫ್ಟ್‌ದು ಒಂದೇ ಒಂದು, ಪುರಾನಾ. ಅದಕ್ಕೆ ಓಪನ್ ಸೈಟ್ ಅಷ್ಟೇ." ಅವಳು ತುಟಿ ಕಚ್ಚಿದಳು. "ಯಾವ ಕೈ, ಯಾವ ಸೈಟ್, ಸಂಜೆ ಒಳಗೆ ಸರ್‌ಗೆ ಮೆಸೇಜ್ ಮಾಡ್ಬೇಕು. ನಾನು ರೈಟ್ ಬರೀಲಾ ಅಂತ. ಪೀಪ್ ಸಿಗ್ತದೆ ನಾ."

"ನಿಮ್ಮವ್ವನ್ನ ಕೇಳಿದ್ಯಾ?"

"ಮಮ್ಮಿ ರೈಫಲ್ ಅಂದ್ರೆ ಚುಪ್ ಆಗ್ತಾಳೆ. ಅವಳೂ ಕಾಲೇಜ್‌ನಲ್ಲಿ ಮಾಡಿದಾಳಂತೆ, ಎನ್‌ಸಿಸಿ. 'ನನಗೆ ಬರಲಿಲ್ಲ' ಅಂತಾಳೆ. ಬಸ್."

ರಾಚವ್ವ ದಾರ ಹರಿದು, ಬಲಗಣ್ಣು ಮುಚ್ಚಿ ಸೂಜಿಗೆ ಹೊಸ ದಾರ ಪೋಣಿಸಿಕೊಂಡಳು.

ಗ್ಯಾಲರಿಯ ಎತ್ತರದ ತಂತಿಗೆ ಬಟ್ಟೆ ಏರಿಸುವ ಬಿದಿರಿನ ಕೋಲು ಮೂಲೆಯಲ್ಲಿತ್ತು. ಶೀತಲ್ ಅದನ್ನೇ ರೈಫಲ್ ಮಾಡಿಕೊಂಡಳು. ಬಲ ಹೆಗಲಿಗೆ ಒತ್ತಿ, ಎದುರು ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದಳು. ಹಿಡಿದ ಕೂಡಲೇ ಅವಳ ತಲೆ ವಾಲಿತು. ಬಲಗೆನ್ನೆ ಕೋಲಿನ ಮೇಲಿಂದ ದಾಟಿ, ಕುತ್ತಿಗೆ ಸೊಟ್ಟವಾಗಿ, ಎಡಗಣ್ಣು ಕೋಲಿನ ನೇರಕ್ಕೆ ಬಂದು ನಿಂತಿತು.

"ಕುತಿಗಿ ಯಾಕ ಹಂಗ ಮಾಡ್ತಿ?" ರಾಚವ್ವ ಕೇಳಿದಳು.

"ನಾ ಮಾಡಲ್ಲ ಅಜ್ಜಿ, ಅದೇ ಆಗ್ತದೆ. ನನ್ನ ಕಣ್ಣೂ ಲೆಫ್ಟ್ ಇದೆ. ಗುರಿ ನೋಡೋ ಕಣ್ಣು. ನೀವು ಸೂಜಿಗೆ ರೈಟ್ ಕಣ್ಣು ಮುಚ್ಚತೀರಿ ನಾ? ಆಪ್ ಭೀ ಲೆಫ್ಟ್."

ರಾಚವ್ವ ಕೌದಿ ಬಿಟ್ಟು ಹುಡುಗಿಯನ್ನೇ ನೋಡತೊಡಗಿದಳು. ಅವಳು ಏನು ನೋಡುತ್ತಿದ್ದಾಳೆಂದು ನನಗೂ ತಿಳಿಯಿತು. ಈ ಕೋಲಲ್ಲದಿದ್ದರೆ ಇಂಥದೇ ಇನ್ನೊಂದು ಕೋಲು ಹಿಡಿದು, ಇದೇ ಗೋಡೆಯ ಎದುರಿಗೆ, ಖಾಕಿ ಬಟ್ಟೆಯ ನಿಶಾ ಹೀಗೇ ನಿಂತಿದ್ದಳು. ಕಾಲೇಜಿನ ತುಕಡಿಗೆ ಆಯ್ಕೆಯಾಗಿದ್ದಳು. ಬೆಳಗಾಗೆದ್ದು ಅಭ್ಯಾಸ ಮಾಡುತ್ತಿದ್ದಳು. ಪ್ರತಿ ಸಲವೂ ತಲೆ ವಾಲುತ್ತಿತ್ತು, ಪ್ರತಿ ಸಲವೂ ತಾನೇ ಹಣೆ ಚಚ್ಚಿಕೊಂಡು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಕಲಿಸುವವನು ಎಲ್ಲರೆದುರು, ಕುತ್ತಿಗೆ ಮುರಿದ ಕೋಳಿ ಎಂದನಂತೆ. ಒಂದು ಗುಂಡೂ ಗುರಿಗೆ ತಾಗದೆ ಮನೆಗೆ ಬಂದು ಸೊಂಟದ ಬೆಲ್ಟನ್ನು ಮೂಲೆಗೆ ಎಸೆದಿದ್ದಳು. ರಾಚವ್ವ ರೊಟ್ಟಿ ಬಡಿಯುತ್ತಲೇ ಅಂದಿದ್ದಳು, "ಎಲ್ಲಾರಿಗೂ ಬರೂದು ನಿನಗ್ಯಾಕ ಬರೂದಿಲ್ಲ? ಲಕ್ಷ್ಯ ಇಲ್ಲ ನಿನಗ, ಲಕ್ಷ್ಯ." ನಿಶಾ ಮತ್ತೆ ಕೋಲು ಮುಟ್ಟಲಿಲ್ಲ.

ಶೀತಲ್‌ಗೆ ಇದೇನೂ ಗೊತ್ತಿಲ್ಲ. ಅವಳು ಕೋಲನ್ನು ಗೋಡೆಗೆ ಒರಗಿಸಿ, "ಯೂಟ್ಯೂಬ್‌ನಲ್ಲಿ ಒಂದು ಐಡಿಯಾ ಇದೆ. ಲೆಫ್ಟ್ ಕಣ್ಣಿಗೆ ಪಟ್ಟಿ ಕಟ್ಟಿದ್ರೆ ರೈಟ್ ಕಣ್ಣು ಸೀಖ್ ಜಾತಾ ಹೈ" ಎಂದು ಕೌದಿಯ ರಾಶಿಯಿಂದ ಒಂದು ಸೀರೆಯ ಪಟ್ಟಿ ಎಳೆದು, ಎಡಗಣ್ಣಿನ ಮೇಲೆ ಹಾಯಿಸಿ, ತಲೆಯ ಹಿಂದೆ ಗಂಟು ಹಾಕಿದಳು. ಮತ್ತೆ ಕೋಲನ್ನು ಬಲ ಹೆಗಲಿಗೆ ಇಟ್ಟಳು.

"ಬಿಚ್ಚು" ಎಂದಳು ರಾಚವ್ವ.

"ಏನು?"

"ಬಿಚ್ಚ ಅಂತೀನಿ ಅದನ್ನ!"

ಹುಡುಗಿ ಹೆದರಿ ನಿಂತಳು. ರಾಚವ್ವ ನೆಲಕ್ಕೆ ಕೈಯೂರಿ, ಮೊಣಕಾಲು ಹಿಡಿದುಕೊಂಡು ಎದ್ದಳು. ಹಿಂದೆ ಹೋಗಿ ಗಂಟಿಗೆ ಕೈ ಹಾಕಿದಳು. ಎಳೆದಷ್ಟೂ ಗಂಟು ಬಿಗಿಯಾಯಿತು. ಕೊನೆಗೆ ನಾನು ಕತ್ತರಿ ಕೊಟ್ಟೆ.

"ನನಗ ನಮ್ಮವ್ವ ಮುಂಗೈಗೆ ಬರಿ ಎಳದಿದ್ಲು" ಎಂದಳು ರಾಚವ್ವ, ಕತ್ತರಿಸಿದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ. "ನಾ ಬರಿ ಎಳೀಲಿಲ್ಲ, ಬರೇ ಕಟ್ಟಿದ್ನಿ. ಅದನ್ನ ದೊಡ್ಡ ಪುಣ್ಯ ಅಂದ್ಕೊಂಡಿದ್ದೆ."

ಅವಳ ಎಡ ಮುಂಗೈಯ ಮೇಲಿನ ಗೆರೆ ಎಣ್ಣೆ ಸಿಡಿದದ್ದೆಂದು ಇಷ್ಟು ವರ್ಷ ನಾನು ತಿಳಿದಿದ್ದೆ.

ಆಮೇಲೆ ಅವಳೇ ಕೋಲು ಎತ್ತಿ ಮೊಮ್ಮಗಳ ಎಡ ಹೆಗಲಿಗೆ ಇಟ್ಟಳು. ಹುಡುಗಿಯ ಕೆನ್ನೆ ಕೋಲಿಗೆ ತಾನಾಗಿ ಕೂತಿತು. ಕುತ್ತಿಗೆ ನೆಟ್ಟಗೆ ನಿಂತಿತು.

"ಬರಿ ನಿಮ್ಮ ಸರ್‌ಗೆ. ಎಡಗೈ ಅಂತ."

"ಆದ್ರೆ ಪೀಪ್ ಸಿಗಲ್ಲ ಅಜ್ಜಿ. ಪುರಾನಾ ಓಪನ್ ಸೈಟ್."

"ಹಳೇದಿದ್ರ ಇರಲಿ. ಕುತಿಗಿ ನೆಟ್ಟಗಿರಲಿ."

ಶೀತಲ್ ಮೊಬೈಲಿನಲ್ಲಿ ಒತ್ತಿದಳು. ಲೆಫ್ಟ್. ಓಪನ್. ಅಂದು ಊಟಕ್ಕೆ ಕೂತಾಗ ಅವಳು ಅಭ್ಯಾಸಬಲದಿಂದ ಎಡಗೈಯಲ್ಲೇ ರೊಟ್ಟಿ ಮುರಿದಳು. ಈ ಸಲ ಕೈ ನಡುವೆ ನಿಲ್ಲಲಿಲ್ಲ. ರಾಚವ್ವ ಪಲ್ಯ ಬಡಿಸಿದಳು.

ಬೆಳಿಗ್ಗೆ ಶೀತಲ್ ಜೊತೆ ನಾವಿಬ್ಬರೂ ಹೊರಡುವಾಗ ರಾಚವ್ವ ನನ್ನ ಚೀಲದಲ್ಲಿ ಏನೋ ತುರುಕಿದ್ದನ್ನು ನೋಡಿಯೂ ನಾನು ಏನೆಂದು ಕೇಳಲಿಲ್ಲ. ದಾದರಿನಲ್ಲಿ ಇಳಿದು ನಡೆದು ಹೋಗುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಕ್ಲಬ್ಬಿನ ಬಾಗಿಲಲ್ಲಿ ಕಲಿಸುವ ಸದಾನಂದ ಸರ್ ನಿಂತಿದ್ದರು. ಮಂಗಳೂರು ಕಡೆಯವರು, ತೆಳ್ಳಗಿನ ಮನುಷ್ಯ. ನಮ್ಮ ಕನ್ನಡ ಕಿವಿಗೆ ಬಿದ್ದು ಮುಖ ಅರಳಿತು.

"ಎಂತ ಅಜ್ಜಿ, ನೀವಿಬ್ಬರೂ ಬಂದೂಕು ಕಲೀಲಿಕ್ಕೆ ಬಂದದ್ದಾ? ನಾವೆಲ್ಲ ಓಡಿಹೋಗ್ಬೇಕಾ?"

"ಓಡಬ್ಯಾಡ್ರಿ, ನಮಗ ಓಡಿ ಹಿಡಿಯೂದು ಆಗೂದಿಲ್ಲ" ಎಂದೆ.

ನಮ್ಮ ಕಿವಿಗೂ ಮುಚ್ಚಳ ಕೊಟ್ಟು ಹಿಂದಿನ ಬೆಂಚಿನ ಮೇಲೆ ಕೂರಿಸಿದರು. ಎಲ್ಲರೂ ಚಾಪೆಯ ಮೇಲೆ ಬೋರಲು ಮಲಗಿ ಹೊಡೆಯಬೇಕು. ಸಾಲಿನಲ್ಲಿ ಎಲ್ಲರ ಕಾಲು ಒಂದು ಕಡೆಗೆ ವಾಲಿದ್ದರೆ ಶೀತಲ್‌ಳ ಕಾಲು ಇನ್ನೊಂದು ಕಡೆಗೆ. ಸದಾನಂದ ಸರ್ ಅವಳ ಪಕ್ಕ ಕೂತು ಹೇಳುತ್ತಿದ್ದರು. ಕಚ್ಚು, ಕಡ್ಡಿ, ಗುರಿ, ಮೂರನ್ನೂ ಒಟ್ಟಿಗೆ ನೋಡಲಿಕ್ಕೆ ಕಣ್ಣಿಗೆ ಆಗುವುದಿಲ್ಲ; ಕಡ್ಡಿಯನ್ನು ಮಾತ್ರ ನೋಡು, ಗುರಿ ಮಸುಕಾದರೆ ಆಗಲಿ.

ಅವಳ ಮೊದಲ ಗುಂಡುಗಳು ಕಾಗದದ ಅಂಚಿನಲ್ಲೆಲ್ಲೋ ಬಿದ್ದವು. ಪೀಪ್ ಸೈಟಿನ ಹುಡುಗರು ಆಗಲೇ ಕಪ್ಪಿನೊಳಗೆ ತೂತು ಮಾಡಿ ಒಬ್ಬರಿಗೊಬ್ಬರು ಹೆಬ್ಬೆರಳು ತೋರಿಸುತ್ತಿದ್ದರು. ರಾಚವ್ವ ಕಾಗದದ ಕಡೆ ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಹುಡುಗಿಯ ಕುತ್ತಿಗೆಯ ಮೇಲಿತ್ತು. ಬಹಳ ಹೊತ್ತಿನ ಮೇಲೆ ಒಂದು ಗುಂಡು ಕಪ್ಪಿಗೆ ತಾಗಿತು, ಅದರ ಪಕ್ಕದಲ್ಲೇ ಇನ್ನೊಂದು. ಶೀತಲ್ ತಿರುಗಿ ನಕ್ಕಳು.

ನಡುವೆ ಬಿಡುವು ಬಂದಾಗ ರಾಚವ್ವ ಸದಾನಂದ ಸರ್ ಬಳಿ ಹೋದಳು.

"ಸರ್, ಒಂದು ಕೇಳ್ತೀನ್ರಿ. ಒಂದು ಹುಡುಗಿ ಇತ್ತು. ಎಡಚಿ. ಕೈ ಬಲಕ್ಕ ರೂಢಿ ಮಾಡಿಸಿದ್ರು. ಬಂದೂಕು ಬಲಕ್ಕ ಹಿಡದ್ರ ಕುತಿಗಿ ವಾಲ್ತಿತ್ತು, ಇಕಿ ಹಂಗನ. ಅಕಿಗೆ ಏನ್ ಮಾಡಬೇಕಿತ್ತು?"

"ಎಂತ ಮಾಡುದು, ಹೆಗಲು ಬದಲಿಸಿದ್ರೆ ಆಯ್ತು. ಒಂದು ನಿಮಿಷದ ಕೆಲಸ."

"ಅಷ್ಟೇನ್ರಿ?"

"ಅಷ್ಟೇ. ಯಾರೂ ಹೇಳ್ಲಿಲ್ವಾ ಅವಳಿಗೆ?"

"ಅಕಿ ಎಡಚಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ದೆ. ಲಗ್ನ ಆಗಬೇಕಲ್ರಿ." ರಾಚವ್ವ ಸೆರಗಿನ ಅಂಚು ಹಿಡಿದು ನಿಂತಳು. "ಈಗ ಬಂದ್ರ ಕಲಸ್ತೀರೇನು? ನಲವತ್ತು ದಾಟ್ಯಾವ ಅಕಿಗೆ."

ಸದಾನಂದ ಸರ್‌ಗೆ ಅರ್ಥವಾಯಿತು. ತಮಾಷೆ ಮಾಡಲಿಲ್ಲ. "ಬರ್ಲಿ ಅಜ್ಜಿ, ಹೊಡೀಲಿಕ್ಕೆ ಕಲಿಸ್ತೇನೆ. ಆದ್ರೆ ಆಗಿನ ವಯಸ್ಸಿನ ಕೈ ನಾನು ಎಲ್ಲಿಂದ ತರುದು?" ಎಂದು ಮೆಲ್ಲಗೆ ಹೇಳಿ ಕರೆ ಬಂದಲ್ಲಿಗೆ ಹೋದರು.

ಬೆಂಚಿಗೆ ವಾಪಸು ಬಂದ ರಾಚವ್ವ, "ಒಂದು ನಿಮಿಷದ ಕೆಲಸಂತ ಶಿವಕ್ಕ" ಎಂದಳು. ಕೂತ ಮೇಲೆ, "ಚೀಲದಾಗ ಕಾಗದ ಐತಿ, ತಗಿ" ಎಂದಳು.

ಅದೇ ಇನ್‌ಲ್ಯಾಂಡ್. ಕ್ಯಾಂಟೀನಿನ ಮೇಜಿನ ಮೇಲೆ ಚಹಾದ ಕಲೆ ಒರೆಸಿ ಹರಡಿದೆ. ಇತ್ತ ಕ್ಷೇಮ ಎಂಬುದರ ಮುಂದೆ ಪೆನ್ನು ಇಟ್ಟೆ. ಈ ಸಲ ಅವಳು ತಡಿ ಅನ್ನಲಿಲ್ಲ. ಯಾವಾಗಲೂ ನಾನು ಅವಳ ಮಾತನ್ನು ಶಾಲೆಯ ಕನ್ನಡಕ್ಕೆ ತಿದ್ದಿ ಬರೆಯುತ್ತೇನೆ. ಅಂದು ಹಾಗೆ ಮಾಡಲು ಮನಸ್ಸಾಗಲಿಲ್ಲ. ಅವಳು ಅಂದದ್ದನ್ನು ಅಂದ ಹಾಗೇ ಬರೆದೆ.

"ನಿಶಾ, ನಿನ್ನ ಮಗಳು ಎಡ ಹೆಗಲಿಗೆ ಇಟ್ಟು ಹೊಡದ್ಲು. ಕುತಿಗಿ ನೆಟ್ಟಗಿತ್ತು. ನಿನಗ ಲಕ್ಷ್ಯ ಇಲ್ಲ ಅಂತ ಅಂದಿದ್ದೆ. ನಿನಗ ಲಕ್ಷ್ಯ ಇತ್ತು. ನಿನ್ನ ಕಣ್ಣು ಎಡಕ್ಕಿತ್ತು, ಕೈಯನ್ನ ನಾ ಕಟ್ಟಿದ್ದೆ. ಅದು ನನಗ ನಿನ್ನೆ ಸಂಜಿಗೆ ಗೊತ್ತಾತು, ನಿನ್ನ ಮಗಳು ಕೋಲು ಹಿಡದಾಗ. ನಿನಗ ಮಾಡಿದ್ದನ್ನ ಕೂಸಿಗೂ ಮಾಡಿದ್ನಿ. ನೀ ಬಿಚ್ಚಿಕೊಂಡು ಹೋದದ್ದು ಚಲೋ ಆತು. ಕೂಸಿನ ಚಪ್ಪಲಿ ನನ್ನ ಹತ್ರನ ಐತಿ."

ಅಲ್ಲಿಗೆ ನಿಂತಳು.

"ಕ್ಷಮಿಸು ಅಂತ ಬರೀಲೇನು?"

"ಬ್ಯಾಡ. ಅದನ್ನ ಬರದ್ರ ಅಕಿ ಮ್ಯಾಲ ಮತ್ತೊಂದು ಕೆಲಸ ಹೇರಿಧಂಗ ಆಗತೈತಿ."

"ಮನಿಗೆ ಬಾ ಅಂತ?"

ಹೊರಗೆ ಫಟ್, ಫಟ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. "ಅದೂ ಬ್ಯಾಡ. ಬಾ ಅನ್ನೂದಕ್ಕ ಬರದದ್ದು ಅಂತ ತಿಳ್ಕೋತಾಳ. ನಿನ್ನ ತಾಯಿ ಅಂತಷ್ಟ ಬರಿ."

ಅಂಚಿಗೆ ಎಂಜಲು ಹಚ್ಚಿ ಅಂಟಿಸಿದೆ. ಹರಿದ ಮಡಿಕೆಗೆ ಕ್ಯಾಂಟೀನಿನವನ ಬಳಿ ಟೇಪು ಕೇಳಿ ಹಾಕಿದೆ. ವಿಳಾಸವನ್ನು ಶೀತಲ್ ಬಂದು ಹೇಳಿದಳು. ಹಿಡಿ ಒತ್ತಿ ಒತ್ತಿ ಅವಳ ಎಡ ಹೆಗಲು ಕೆಂಪಗಾಗಿತ್ತು, ಅದನ್ನೇ ಹೆಮ್ಮೆಯಿಂದ ತೋರಿಸಿದಳು.

"ಪವಾಯಿಗೆ ನಾನೇ ಹೋಗ್ತೀನಿ ನಾ ಅಜ್ಜಿ. ನನ್ನ ಹತ್ರ ಕೊಡಿ. ಪೋಸ್ಟ್ ಕ್ಯೂಂ?"

"ನಿನ್ನ ಕೈಲಿ ಕೊಟ್ರ ಅಕಿ ನಿನ್ನ ಮುಂದ ಓದಬೇಕಾಗತೈತಿ ಮಗಾ. ಒಬ್ಬಾಕಿನ ಓದಲಿ. ಅಳಬೇಕನಿಸಿದ್ರ ಅಳಲಿ, ಹರದು ಒಗೀಬೇಕನಿಸಿದ್ರ ಒಗೀಲಿ."

ದಾದರ್ ಸ್ಟೇಷನ್ನಿನ ಹತ್ತಿರ, ಹೂವಿನವರ ಬುಟ್ಟಿಗಳ ಹಿಂದೆ, ಒಂದು ಕೆಂಪು ಡಬ್ಬಿ ಸಿಕ್ಕಿತು. ರವಿವಾರದ ಜನ ಮೈಗೆ ಮೈ ತಾಗಿಸಿ ಹರಿಯುತ್ತಿದ್ದರು. ರಾಚವ್ವ ಕಾಗದವನ್ನು ಅರ್ಧ ಒಳಗೆ ತೂರಿಸಿ ಹಿಡಿದುಕೊಂಡೇ ನಿಂತಳು. ಹಿಂದೆ ಯಾರೋ, "ಆಜಿ, ಜರಾ ಬಾಜೂಲಾ" ಎಂದು ನೂಕಿದರು.

"ಇವತ್ತು ರವಿವಾರ" ಎಂದೆ. "ನಾಳೆ ತನಕ ಡಬ್ಬಿಯೊಳಗ ಇರ್ತದ."

"ಇರಲಿ."

ಬೆರಳು ಬಿಟ್ಟಳು. ಒಳಗೆ ಬಿದ್ದ ಸದ್ದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅವಳು ಕಿಂಡಿಯೊಳಗೆ ಕೈ ಹಾಕಿ ಅತ್ತಿತ್ತ ಸವರಿ ನೋಡಿದಳು. ಕೈಗೆ ಏನೂ ಸಿಗಲಿಲ್ಲ.

"ಹೋತು" ಎಂದಳು.